30,000 ಎಲ್ಲಿಂದ ಬಂತು? (ಒಂದು ಹಳೇ ಯುನಿಟ್‌ನ ಕಥೆ, 9 ಪೋಸ್ಟ್‌ಗಳಲ್ಲಿ)

ಪೋಸ್ಟ್ 1/9

ಈ ಫೋಟೋದಲ್ಲಿ ರೈಲು ಹುಡುಕಬೇಡಿ, ಇಲ್ಲ. ಹಳಿಯ ಮೇಲೆ ಉದ್ದಕ್ಕೆ ಹೋಗಿರೋ ತಂತಿ ನೋಡಿ. ಜಾಗ ನಮ್ಮ ಮಂಕಿ ಸ್ಟೇಷನ್. ಕೊಂಕಣ ರೈಲ್ವೆ ಪೂರ್ತಿ ಉದ್ದಕ್ಕೆ ಶುರುವಾದದ್ದು 1998ರ ಜನವರಿಯಲ್ಲಿ. ಆಮೇಲೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಡೀಸೆಲ್ ಎಂಜಿನ್ನಿನದೇ ರಾಜ್ಯ. ರೋಹಾದಿಂದ ತೋಕೂರಿನವರೆಗೆ ಇಡೀ ದಾರಿಗೆ ಕರೆಂಟ್ ಎಳೆದು, ಅದನ್ನು ದೇಶಕ್ಕೆ ಅರ್ಪಿಸಿದ್ದು 2022ರಲ್ಲಿ. ಈಗ ಆ ತಂತಿಯಲ್ಲಿ 25,000 ವೋಲ್ಟ್ ಇದೆ.

"ಮುಟ್ಟದೇ ಇದ್ರೆ ಎಂತ ಆಗ್ತದೆ ಮಾರಾಯ?" ಅಂತ ಕೇಳುವವರು ನಮ್ಮಲ್ಲಿ ತುಂಬಾ ಜನ ಇದ್ದಾರೆ. ಒಳ್ಳೆ ಪ್ರಶ್ನೆ. ಇದಕ್ಕೆ ಉತ್ತರ ಕೊಡೋದು ವೋಲ್ಟ್ ಅಲ್ಲ. ಒಂದು ಅಳತೆಯ ಉದ್ದದಲ್ಲಿ ಎಷ್ಟು ವೋಲ್ಟ್ ಇಳೀತದೆ ಅನ್ನೋದು. ಅದಕ್ಕೆ ವಿದ್ಯುತ್ ಕ್ಷೇತ್ರದ ತೀವ್ರತೆ ಅಂತ ಹೆಸರು. ಗಾಳಿ ಒಂದು ಮಿತಿಯವರೆಗೆ ತಡ್ಕೊಳ್ತದೆ, ಆಮೇಲೆ ಕಿಡಿ ಹಾರಿಸಿಬಿಡ್ತದೆ. ಆ ಮಿತಿ ಎಷ್ಟು ಅಂತ ಪುಸ್ತಕ ತೆಗೆದು ನೋಡಿದರೆ ತಮಾಷೆ ಶುರು.

ಈಗಿನ ಪಿಯು ಪುಸ್ತಕದ ಲೆಕ್ಕದಲ್ಲಿ: ಸುಮಾರು 30 ಲಕ್ಷ.
ಹಳೇ ಸಿಜಿಎಸ್ ಲೆಕ್ಕದಲ್ಲಿ: ಸುಮಾರು 100.
ಇಂಚು ಬಳಸುವ ಎಂಜಿನಿಯರಿಂಗ್ ಲೆಕ್ಕದಲ್ಲಿ: ಸುಮಾರು 76.

ಮೂರೂ ಸರಿ. ಗಾಳಿಯೂ ಒಂದೇ. ಅಳೆದ ಕೋಲು ಮಾತ್ರ ಬೇರೆ ಬೇರೆ. 100 ಅನ್ನೋದು 30 ಲಕ್ಷ ಆಗಬೇಕಾದರೆ 30,000ದಿಂದ ಗುಣಿಸಬೇಕು. ಈ 30,000 ಎಲ್ಲಿಂದ ಬಂತು ಅನ್ನೋದೇ ಈ ಸರಣಿ. ಬೋರಿಂಗ್ ಕನ್ವರ್ಷನ್ ಟೇಬಲ್ ಅಂದ್ಕೊಂಡು ಸ್ವೈಪ್ ಮಾಡಬೇಡಿ. ಈ ಸಂಖ್ಯೆಯ ಒಳಗೆ ಯಾರೂ ನಿರೀಕ್ಷೆ ಮಾಡದ ಒಂದು ವಸ್ತು ಕೂತಿದೆ.

ಪೋಸ್ಟ್ 2/9

ಮೊದಲು ನಮ್ಮ ಜಾಗದ ಲೆಕ್ಕ.

ಮನೆಯಲ್ಲಿ ಪಹಣಿ ಪತ್ರ ಇದ್ದರೆ ತೆಗೆದು ನೋಡಿ. ಎಕರೆ, ಗುಂಟೆ, ಆಣೆ ಅಂತ ಇರ್ತದೆ. ಒಂದು ಗುಂಟೆ ಅಂದರೆ 33 ಅಡಿಗೆ 33 ಅಡಿ, ಅಂದರೆ 1,089 ಚದರಡಿ, ಅಂದರೆ ಸುಮಾರು 101 ಚದರ ಮೀಟರ್. ನಲವತ್ತು ಗುಂಟೆಗೆ ಒಂದು ಎಕರೆ, ಒಂದು ಗುಂಟೆಗೆ ಹದಿನಾರು ಆಣೆ. 1862ರಲ್ಲಿ ನಮ್ಮ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಬೊಂಬಾಯಿ ಪ್ರಾಂತ್ಯಕ್ಕೆ ಸೇರಿಸಿದರು. 1956ರ ನವೆಂಬರ್ 1ಕ್ಕೆ ಬೊಂಬಾಯಿಯಿಂದ ಬಿಡಿಸಿ ಮೈಸೂರು ರಾಜ್ಯಕ್ಕೆ ಸೇರಿಸಿದರು. ಅದೇ 1956ರಲ್ಲಿ ದೇಶಕ್ಕೆಲ್ಲ ಮೆಟ್ರಿಕ್ ಅಳತೆ ತರುವ ಕಾಯ್ದೆ ಆಯ್ತು. 1957ರ ಏಪ್ರಿಲ್ 1ಕ್ಕೆ ಹದಿನಾರು ಆಣೆಯ ರೂಪಾಯಿ ಹೋಗಿ ನೂರು ನಯೇ ಪೈಸೆಯ ರೂಪಾಯಿ ಬಂತು. 1958ರಿಂದ ಹಂತಹಂತವಾಗಿ ಸೇರು ಹೋಗಿ ಕಿಲೋ, ಮೈಲಿ ಹೋಗಿ ಕಿಲೋಮೀಟರ್.

ಅಂಗಡಿಯಿಂದ ಆಣೆ ಹೋಯ್ತು, ಗದ್ದೆಯ ಕಾಗದದಿಂದ ಮಾತ್ರ ಹೋಗಲಿಲ್ಲ! ಸಿದ್ದೆ, ಕೊಳಗದ ಹೆಸರು ಅಜ್ಜಿಯಂದಿರ ಬಾಯಲ್ಲಿ ಇನ್ನೂ ಇದೆ, ಆದರೆ ಈ ಊರಿನ ಕೊಳಗ ಆ ಊರಿನ ಕೊಳಗಕ್ಕೆ ಸಮ ಅಲ್ಲ.

ಇಲ್ಲಿ ಒಂದು ವ್ಯತ್ಯಾಸ ಗಮನಿಸಿ. ಗುಂಟೆಯನ್ನು ಮೀಟರಿಗೆ ತರೋದು ಬರೀ ಗುಣಾಕಾರ. 33 ಅಡಿಯ ಜಾಗದಲ್ಲಿ 35 ಅಂತ ಇಟ್ಟಿದ್ದರೂ ಪ್ರಕೃತಿಗೆ ಏನೂ ಬೇಜಾರಿಲ್ಲ. ಅದು ಮನುಷ್ಯರ ಒಪ್ಪಂದ. ಆದರೆ ವಿದ್ಯುತ್ ಕ್ಷೇತ್ರದ ಆ 30,000 (ಸರಿಯಾಗಿ ಹೇಳಬೇಕಂದರೆ 29,979) ಹಾಗಲ್ಲ. ಅದರೊಳಗಿನ ಸೊನ್ನೆಗಳು ನಮ್ಮದು, 2.9979 ನಮ್ಮದಲ್ಲ.

ಪೋಸ್ಟ್ 3/9

ಟೆಲಿಗ್ರಾಫ್ ಕಾಲಕ್ಕೆ ಹೋಗೋಣ.

ಸಮುದ್ರದ ತಳದಲ್ಲಿ ತಂತಿ ಹಾಸಿ ಸಂದೇಶ ಕಳಿಸುವ ಹುಚ್ಚು ಹಿಡಿದಿದ್ದ ಕಾಲ ಅದು. 1870ರ ಹೊತ್ತಿಗೆ ಬೊಂಬಾಯಿಯಿಂದ ಏಡನ್, ಸೂಯೆಜ್‌ವರೆಗೆ ನೀರಿನಡಿಯ ಕೇಬಲ್ ಬಂತು. ಕೇಬಲ್ ಎಲ್ಲಿ ಕೆಟ್ಟಿದೆ ಅಂತ ದಡದಲ್ಲೇ ಕೂತು ಪತ್ತೆ ಮಾಡಬೇಕಂದರೆ ಎಲ್ಲರ ಅಳತೆ ಒಂದೇ ಇರಬೇಕು. ಒಬ್ಬೊಬ್ಬ ಎಂಜಿನಿಯರನಿಗೆ ಒಂದೊಂದು ತಂತಿಯ ತುಂಡೇ ಅಳತೆಗೋಲು ಆದರೆ? ಕೊಳಗದ ಕಥೆಯೇ. 1861ರಲ್ಲಿ ಬ್ರಿಟಿಷ್ ಅಸೋಸಿಯೇಷನ್ ಇದಕ್ಕಾಗಿ ಒಂದು ಸಮಿತಿ ಮಾಡಿತು. ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್ ಆದವರು) ಅದರ ಹಿಂದಿನ ಶಕ್ತಿ. ಮ್ಯಾಕ್ಸ್‌ವೆಲ್ ಕೂಡ ಸೇರಿಕೊಂಡರು. 1873ರಲ್ಲಿ ಸೆಂಟಿಮೀಟರ್, ಗ್ರಾಂ, ಸೆಕೆಂಡ್ ಈ ಮೂರರ ಮೇಲೇ ಎಲ್ಲ ಅಳತೆಯನ್ನೂ ಕಟ್ಟಬೇಕು ಅಂತ ತೀರ್ಮಾನ. ಅದೇ ಸಿಜಿಎಸ್.

ಐಡಿಯಾ ಚೆನ್ನಾಗಿತ್ತು. ವಿದ್ಯುತ್ತಿಗೆ ಬೇರೆ ಮೂಲ ಅಳತೆಯೇ ಬೇಡ, ತಳ್ಳುವ ಬಲದಿಂದಲೇ ಅಳೆಯೋಣ. ಎರಡು ಸಮ ಚಾರ್ಜ್‌ಗಳನ್ನು 1 ಸೆಂಟಿಮೀಟರ್ ದೂರದಲ್ಲಿಡಿ. ಅವು ಒಂದನ್ನೊಂದು 1 ಡೈನ್ ಬಲದಿಂದ ತಳ್ಳಿದರೆ ಒಂದೊಂದೂ 1 ಇಎಸ್‌ಯು ಚಾರ್ಜ್, ಅಂದರೆ ಸ್ಥಿರವಿದ್ಯುತ್ ಮಾನ. ಕೂಲಂಬ್ ನಿಯಮದಲ್ಲಿ ಸ್ಥಿರಾಂಕವೇ ಇಲ್ಲ. ಚಾರ್ಜ್ ಗುಣಿಸು, ದೂರದ ವರ್ಗದಿಂದ ಭಾಗಿಸು, ಮುಗೀತು. 9×10⁹ ಬಾಯಿಪಾಠ ಮಾಡಬೇಕಾಗಿರಲಿಲ್ಲ ಅವರಿಗೆ!

ಆದರೆ ತಳ್ಳಾಟ ಇನ್ನೊಂದು ದಾರಿಯಲ್ಲೂ ಇದೆ. ಕರೆಂಟ್ ಹರಿಯುವ ಎರಡು ತಂತಿಗಳೂ ಒಂದನ್ನೊಂದು ಎಳೀತವೆ ಅಥವಾ ತಳ್ತವೆ. ಅದರಿಂದ ಶುರು ಮಾಡಿದರೆ ಇನ್ನೊಂದು ಮಾನ ಸಿಗ್ತದೆ, ಇಎಂಯು, ಅಂದರೆ ವಿದ್ಯುತ್ಕಾಂತ ಮಾನ. ಹೀಗೆ ಒಂದೇ ಮನೆಯಲ್ಲಿ ಎರಡು ಒಲೆ ಆಯ್ತು. ಒಂದರ ವೋಲ್ಟಿಗೆ ಸ್ಟ್ಯಾಟ್‌ವೋಲ್ಟ್ ಅಂತಲೂ ಇನ್ನೊಂದರದ್ದಕ್ಕೆ ಆಬ್‌ವೋಲ್ಟ್ ಅಂತಲೂ ಆಮೇಲೆ ಹೆಸರು ಬಂತು.

ನಮ್ಮ ನಿಮ್ಮ ವೋಲ್ಟ್ ಎರಡನೇ ಒಲೆಯಲ್ಲಿ ಬೆಂದದ್ದು. ಆಬ್‌ವೋಲ್ಟ್ ತೀರಾ ಸಣ್ಣದು, ಟೆಲಿಗ್ರಾಫಿನವರಿಗೆ ಉಪಯೋಗ ಇಲ್ಲ. ಆಗ ಎಲ್ಲ ಟೆಲಿಗ್ರಾಫ್ ಆಫೀಸಲ್ಲೂ ಇದ್ದ ಡೇನಿಯಲ್ ಬ್ಯಾಟರಿಗೆ ಹತ್ತಿರ ಬರುವ ಹಾಗೆ 10 ಕೋಟಿ ಆಬ್‌ವೋಲ್ಟ್ ಸೇರಿಸಿ 1 ವೋಲ್ಟ್ ಅಂದರು. 1881ರ ಪ್ಯಾರಿಸ್ ಸಮ್ಮೇಳನ ಅದಕ್ಕೆ ಅಂತಾರಾಷ್ಟ್ರೀಯ ಮುದ್ರೆ ಒತ್ತಿತು.

ಪೋಸ್ಟ್ 4/9

ಈಗ ಲೆಕ್ಕ. ಪೆನ್ನು ತಗೊಳ್ಳಿ. ಲಕ್ಷ-ಕೋಟಿಯಲ್ಲೇ ಮಾಡೋಣ, ಸುಲಭ.

ಕ್ಷೇತ್ರದ ತೀವ್ರತೆ ಅಂದರೆ ಒಂದು ಘಟಕ ಚಾರ್ಜ್ ಮೇಲೆ ಬೀಳುವ ಬಲ. ಹಳೇ ಲೆಕ್ಕದಲ್ಲಿ 1 ಇಎಸ್‌ಯು ಚಾರ್ಜ್ ಮೇಲೆ 1 ಡೈನ್ ಬಲ ಬಿದ್ದರೆ ಅಲ್ಲಿನ ಕ್ಷೇತ್ರ 1. ಅದನ್ನೇ 1 ಸ್ಟ್ಯಾಟ್‌ವೋಲ್ಟ್ ಪ್ರತಿ ಸೆಂಟಿಮೀಟರ್ ಅಂತಲೂ ಹೇಳಬಹುದು.

1 ನ್ಯೂಟನ್ ಅಂದರೆ 1 ಲಕ್ಷ ಡೈನ್.
1 ಕೂಲಂಬ್ ಅಂದರೆ ಸುಮಾರು 300 ಕೋಟಿ ಇಎಸ್‌ಯು ಚಾರ್ಜ್ (ಸರಿಯಾಗಿ 299.79 ಕೋಟಿ).

1 ಇಎಸ್‌ಯು ಮೇಲೆ 1 ಡೈನ್ ಇದ್ದರೆ 300 ಕೋಟಿ ಇಎಸ್‌ಯು ಮೇಲೆ 300 ಕೋಟಿ ಡೈನ್. ಅಂದರೆ 1 ಕೂಲಂಬ್ ಮೇಲೆ 300 ಕೋಟಿ ಡೈನ್. ಅದನ್ನು ಲಕ್ಷದಿಂದ ಭಾಗಿಸಿ. 30,000 ನ್ಯೂಟನ್. ಬಂತಲ್ಲ!

1 ಸ್ಟ್ಯಾಟ್‌ವೋಲ್ಟ್/ಸೆಂ.ಮೀ. = 29,979 ವೋಲ್ಟ್/ಮೀಟರ್.

ಇನ್ನೊಂದು ದಾರಿಯಲ್ಲೂ ಪರೀಕ್ಷೆ ಮಾಡಿ. 1 ಸ್ಟ್ಯಾಟ್‌ವೋಲ್ಟ್ ಅಂದರೆ 299.79 ವೋಲ್ಟ್. 1 ಮೀಟರಿನಲ್ಲಿ 100 ಸೆಂಟಿಮೀಟರ್. ಸೆಂಟಿಮೀಟರಿಗೆ 299.79 ಇಳಿದರೆ ಮೀಟರಿಗೆ ಅದರ ನೂರರಷ್ಟು. ಅದೇ 29,979.

(ನಮ್ಮ ಮನೆಯ ಪ್ಲಗ್ಗಿನ 230 ವೋಲ್ಟ್ ಹಳೇ ಲೆಕ್ಕದಲ್ಲಿ 0.77 ಸ್ಟ್ಯಾಟ್‌ವೋಲ್ಟ್. ಒಂದೂ ಇಲ್ಲ! ಹಾಗಂತ ಬೆರಳು ಹಾಕಬೇಡಿ.)

ಇಎಂಯು ಕಡೆಯ ಕನ್ವರ್ಷನ್ ನೋಡಿ, ಎಷ್ಟು ನೀಟಾಗಿದೆ: 1 ಆಬ್‌ವೋಲ್ಟ್/ಸೆಂ.ಮೀ. ಅಂದರೆ ಸರಿಯಾಗಿ 1 ಮೈಕ್ರೋವೋಲ್ಟ್/ಮೀಟರ್. ಬರೀ ಹತ್ತರ ಘಾತ. ಎಂತಕ್ಕೆ? ನಮ್ಮ ವೋಲ್ಟ್ ಅದೇ ಮನೆಯಿಂದ ಬಂದದ್ದು, ಅದಕ್ಕೆ. ಇಎಸ್‌ಯು ಕಡೆಯಿಂದ ಬಂದಾಗ ಮಾತ್ರ 2.9979 ಅಡ್ಡ ಬರ್ತದೆ.

2.9979. ಈ ಸಂಖ್ಯೆ ಎಲ್ಲೋ ನೋಡಿದ ಹಾಗೆ ಇದ್ಯಾ?

ಪೋಸ್ಟ್ 5/9

ಹೌದು. ಬೆಳಕಿನ ವೇಗ. ಸೆಕೆಂಡಿಗೆ 2,99,792 ಕಿಲೋಮೀಟರ್.

ಆದರೆ ಇಲ್ಲಿ ಬೆಳಕು ಎಲ್ಲಿ ಬಂತು? ಚಾರ್ಜ್ ತಳ್ಳಾಟ ಅಳೆದೆವು, ತಂತಿಗಳ ತಳ್ಳಾಟ ಅಳೆದೆವು. ದೀಪ ಹಚ್ಚಲಿಲ್ಲ, ಕನ್ನಡಿ ಇಡಲಿಲ್ಲ. ಆದರೂ ಎರಡು ಮಾನಗಳ ಅನುಪಾತ ತೆಗೆದರೆ ಬೆಳಕಿನ ವೇಗ ಬಂದು ಕೂರ್ತದೆ. ನನಗೆ ಕೇಳಿದರೆ ಫಿಸಿಕ್ಸ್ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಟ್ವಿಸ್ಟ್ ಇಲ್ಲ.

1856ರ ಹೊತ್ತಿಗೆ ಜರ್ಮನಿಯಲ್ಲಿ ವಿಲ್ಹೆಲ್ಮ್ ವೆಬರ್ ಮತ್ತು ರುಡಾಲ್ಫ್ ಕೋಲ್‌ರಾಷ್ ಈ ಅನುಪಾತವನ್ನು ಅಳೆದರು. ಲೈಡನ್ ಜಾಡಿ ಅಂತ ಒಂದು ಗಾಜಿನ ಪಾತ್ರೆ, ಅದರಲ್ಲಿ ಚಾರ್ಜ್ ತುಂಬಿಸ್ತಾರೆ. ಆ ಚಾರ್ಜಿನ ಒಂದು ಗೊತ್ತಾದ ಪಾಲನ್ನು ತಿರುಚು ತಕ್ಕಡಿಗೆ ಕೊಟ್ಟು ಅದರ ತಳ್ಳುವ ಬಲ ನೋಡಿದರು, ಅದು ಇಎಸ್‌ಯು ಲೆಕ್ಕ. ಉಳಿದದ್ದನ್ನು ತಂತಿಯಲ್ಲಿ ಹರಿಸಿ ಗ್ಯಾಲ್ವನೋಮೀಟರಿನ ಸೂಜಿ ಎಷ್ಟು ವಾಲಿತು ನೋಡಿದರು, ಅದು ಇಎಂಯು ಲೆಕ್ಕ. ಒಂದೇ ಸರಕನ್ನು ಎರಡು ಅಂಗಡಿಯ ತಕ್ಕಡಿಯಲ್ಲಿ ತೂಗಿದ ಹಾಗೆ. ಈಗಿನ ರೂಪಕ್ಕೆ ತಂದರೆ ಅವರ ಉತ್ತರ ಸೆಕೆಂಡಿಗೆ ಸುಮಾರು 3,10,740 ಕಿಲೋಮೀಟರ್. ಅದಕ್ಕೂ ಕೆಲವೇ ವರ್ಷ ಮೊದಲು, 1849ರಲ್ಲಿ, ಫ್ರಾನ್ಸಿನ ಫಿಜೋ ಹಲ್ಲಿನ ಚಕ್ರ ತಿರುಗಿಸಿ ಬೆಳಕಿನ ವೇಗ ಅಳೆದಿದ್ದರು. ಅದು ಸುಮಾರು 3,15,000.

ಎರಡು ಸಂಖ್ಯೆ ಅಕ್ಕಪಕ್ಕ ಇಟ್ಟು "ಇದು ಕಾಕತಾಳೀಯ ಅಲ್ಲ" ಅಂತ ಗಟ್ಟಿಯಾಗಿ ಹೇಳಿದವರು ಮ್ಯಾಕ್ಸ್‌ವೆಲ್, 1861-62ರಲ್ಲಿ. ಬೆಳಕು ಅಂದರೆ ವಿದ್ಯುತ್ ಮತ್ತು ಕಾಂತ ಕ್ಷೇತ್ರಗಳ ಅಲೆಯೇ ಇರಬೇಕು ಅಂದರು. ಅದನ್ನು ಹರ್ಟ್ಸ್ ಪ್ರಯೋಗದಲ್ಲಿ ಅಲೆ ಎಬ್ಬಿಸಿ ತೋರಿಸುವ ಹೊತ್ತಿಗೆ 1880ರ ದಶಕದ ಕೊನೆ. ಮ್ಯಾಕ್ಸ್‌ವೆಲ್ ಆಗ ಇರಲಿಲ್ಲ.

ಸೆಕೆಂಡ್ ಪಿಯು ಫಿಸಿಕ್ಸ್‌ನ ಮೊದಲನೇ ಪಾಠ ನೆನಪಿದ್ಯಾ? 9×10⁹ ಅಂತ ಬಾಯಿಪಾಠ ಮಾಡ್ತೀವಲ್ಲ, 900 ಕೋಟಿ. ಅದು ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದ್ರಾ? ಬೆಳಕಿನ ವೇಗವನ್ನು (3×10⁸) ವರ್ಗ ಮಾಡಿ, 9×10¹⁶. ಅದನ್ನು ಒಂದು ಕೋಟಿಯಿಂದ ಭಾಗಿಸಿ. 9×10⁹. ಹಳೇ ಲೆಕ್ಕದಲ್ಲಿ ಕೂಲಂಬ್ ನಿಯಮಕ್ಕೆ ಸ್ಥಿರಾಂಕ ಇರಲಿಲ್ಲ, ಬೆಳಕು ಕನ್ವರ್ಷನ್‌ನಲ್ಲಿ ಅಡಗಿತ್ತು. ಹೊಸ ಲೆಕ್ಕದಲ್ಲಿ ಅದು ಸೂತ್ರದ ಒಳಗೇ ಬಂದು ಕೂತಿದೆ.

ಇನ್ನೊಂದು ವಿಷಯ. 2019ರ ಮೇ 20ರವರೆಗೆ 299.792458 ಅನ್ನೋ ಅನುಪಾತ ವ್ಯಾಖ್ಯೆಯಿಂದಲೇ ನಿಖರವಾಗಿತ್ತು. ಅವತ್ತು ಆಂಪಿಯರ್‌ನ ವ್ಯಾಖ್ಯೆ ಬದಲಾಗಿ ಅದನ್ನು ಎಲೆಕ್ಟ್ರಾನಿನ ಚಾರ್ಜ್‌ಗೆ ಕಟ್ಟಿಹಾಕಿದರು. ಬೆಳಕಿನ ವೇಗ ಈಗಲೂ ನಿಖರ. ಆದರೆ ಈ ಅನುಪಾತವನ್ನು ಈಗ ಪ್ರಯೋಗದಿಂದ ಅಳೆದೇ ತಿಳೀಬೇಕು. ವ್ಯತ್ಯಾಸ ಇದ್ದರೂ ಹತ್ತನೇ ಅಂಕಿಯ ಆಸುಪಾಸಿನಲ್ಲಿ, ನಮ್ಮ ಪರೀಕ್ಷೆಗೆ ತೊಂದರೆ ಇಲ್ಲ.

ಪೋಸ್ಟ್ 6/9

ಸ್ವಲ್ಪ ಮೈಸೂರು ಕಡೆ ಹೋಗಿ ಬರೋಣ. ನಮ್ಮ ರಾಜ್ಯದಲ್ಲಿ ದೊಡ್ಡ ವೋಲ್ಟೇಜಿನ ಕಥೆ ಶುರುವಾಗೋದು ಅಲ್ಲಿಂದ.

1902ರ ಜೂನ್ 30ರಂದು ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಹೊರಟಿತು. ದೂರ 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್. ತಂತಿಯಲ್ಲಿ 35,000 ವೋಲ್ಟ್. ಅಂದಿನ ಕಾಲಕ್ಕೆ ಪ್ರಪಂಚದ ಅತಿ ಉದ್ದದ ಲೈನುಗಳಲ್ಲಿ ಒಂದು. ದಿವಾನ್ ಶೇಷಾದ್ರಿ ಅಯ್ಯರ್ ಕಾಲದಲ್ಲಿ ಕೈಗೆತ್ತಿಕೊಂಡ ಕೆಲಸ, ಎಂಜಿನಿಯರ್ ಜೋಲಿ ಡಿ ಲಾಟ್‌ಬಿನಿಯರ್. ಟರ್ಬೈನ್ ಸ್ವಿಟ್ಜರ್ಲೆಂಡಿನ ಎಶರ್ ವಿಸ್ ಕಂಪನಿಯದು, ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನದು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಮೊದಲು ಗಣಿ, ಆಮೇಲೆ ಜನ!

ಸ್ವಿಸ್ ಯಂತ್ರ, ಅಮೆರಿಕನ್ ಯಂತ್ರ, ಬ್ರಿಟಿಷ್ ಮೈಲಿ, ಮೈಸೂರಿನ ಕೂಲಿ. ಇಂಥ ಕಡೆ ಕೆಲಸ ಮಾಡುವವನಿಗೆ ಸ್ಟ್ಯಾಟ್‌ವೋಲ್ಟ್ ಕಟ್ಟಿಕೊಂಡು ಏನಾಗಬೇಕು? ಪ್ರೊಫೆಸರರು ಇಎಸ್‌ಯುನಲ್ಲಿ ಬರೀತಿದ್ದ ಹೊತ್ತಿಗೆ ಎಂಜಿನಿಯರುಗಳು ವೋಲ್ಟನ್ನು ಇಂಚಿನಿಂದಲೋ ಮಿಲ್‌ನಿಂದಲೋ ಭಾಗಿಸ್ತಿದ್ದರು. ಮಿಲ್ ಅಂದರೆ ಇಂಚಿನ ಸಾವಿರದ ಒಂದು ಭಾಗ, ಗಿರಣಿ ಅಲ್ಲ. ಕಾಗದ, ಮೈಕಾ, ರಬ್ಬರ್ ಇವುಗಳ ನಿರೋಧಕ ಶಕ್ತಿಯನ್ನು ಪ್ರತಿ ಮಿಲ್‌ಗೆ ಇಷ್ಟು ವೋಲ್ಟ್ ಅಂತ ಹೇಳುವ ಅಭ್ಯಾಸ ಇವತ್ತಿಗೂ ಹೋಗಿಲ್ಲ, ಅಮೆರಿಕದ ಡೇಟಾಶೀಟ್ ತೆಗೆದರೆ ಸಿಗ್ತದೆ. 1 ವೋಲ್ಟ್/ಮಿಲ್ ಅಂದರೆ 39,370 ವೋಲ್ಟ್/ಮೀಟರ್. 1 ಕಿಲೋವೋಲ್ಟ್/ಇಂಚು ಅಂದರೂ ಅಷ್ಟೇ, ಮೇಲೆ ಕೆಳಗೆ ಎರಡೂ ಕಡೆ ಸಾವಿರ. 1915ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಎಫ್. ಡಬ್ಲ್ಯೂ. ಪೀಕ್ ಹೆಚ್ಚು ವೋಲ್ಟೇಜಿನ ಬಗ್ಗೆ ಪುಸ್ತಕ ಬರೆದು ಗಾಳಿಯ ಮಿತಿಯನ್ನು ಸೆಂಟಿಮೀಟರಿಗೆ 30 ಕಿಲೋವೋಲ್ಟ್ ಅಂತ ನಿಲ್ಲಿಸಿದರು. ಅದನ್ನು ಇಂಚಿಗೆ ತಂದರೆ 76. ಮೊದಲ ಪೋಸ್ಟಿನ 76 ಇದೇ.

29,979 ಮತ್ತು 39,370, ಎರಡೂ ಹತ್ತಿರ ಹತ್ತಿರ. ಒಂದರ ಜಾಗದಲ್ಲಿ ಇನ್ನೊಂದು ಹಾಕಿದರೆ ಉತ್ತರ "ಸುಮಾರು ಸರಿ" ಅನಿಸಿಬಿಡ್ತದೆ, ಅದೇ ಅಪಾಯ. ಒಂದರಲ್ಲಿ ಬೆಳಕು ಇದೆ, ಇನ್ನೊಂದರಲ್ಲಿ ಇಂಚು ಇದೆ.

ಶಿವನಸಮುದ್ರದ ಲೈನ್ ಎಳೀತಿದ್ದ ಕಾಲಕ್ಕೇ, 1901ರಲ್ಲಿ, ಇಟಲಿಯ ಎಂಜಿನಿಯರ್ ಜೊವಾನಿ ಜಾರ್ಜಿ ಒಂದು ಸಲಹೆ ಕೊಟ್ಟರು. ಸೆಂಟಿಮೀಟರ್-ಗ್ರಾಂ ಬಿಡಿ, ಮೀಟರ್-ಕಿಲೋಗ್ರಾಂ-ಸೆಕೆಂಡ್ ತಗೊಳ್ಳಿ. ಜೊತೆಗೆ ನಾಲ್ಕನೆಯದಾಗಿ ಒಂದು ವಿದ್ಯುತ್ ಮಾನವನ್ನೂ ಮೂಲ ಅಂತ ಒಪ್ಪಿಕೊಳ್ಳಿ. ಆಗ ವೋಲ್ಟ್, ಓಮ್, ಆಂಪಿಯರ್ ಯಾವುದನ್ನೂ ಬದಲಾಯಿಸದೆ ಎಲ್ಲ ಹೊಂದಿಕೊಳ್ತದೆ. ಒಪ್ಪಲು ಜಗತ್ತು ಅರ್ಧ ಶತಮಾನ ತಗೊಂಡಿತು. 1948ರಲ್ಲಿ ಆಂಪಿಯರ್ ವ್ಯಾಖ್ಯೆ, 1960ರಲ್ಲಿ ಎಸ್‌ಐ ಅನ್ನೋ ಹೆಸರು.

ಪೋಸ್ಟ್ 7/9

ಇದು ಪೂರ್ತಿ ವಿದ್ಯಾರ್ಥಿಗಳಿಗೆ. ಸೇವ್ ಮಾಡಿಟ್ಕೊಳ್ಳಿ.

ಹಳೇ ಯುನಿಟ್ ಸತ್ತಿದೆ ಅಂದ್ಕೊಂಡಿದ್ರೆ ತಪ್ಪು. ಬರ್ಕ್ಲಿ ಫಿಸಿಕ್ಸ್ ಸರಣಿಯ ಪರ್ಸೆಲ್ ಪುಸ್ತಕ ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕರೆ ಬಿಡಬೇಡಿ, ಚಿನ್ನ. ಆದರೆ ಅದರ ಮೊದಲ ಎರಡು ಆವೃತ್ತಿ ಪೂರ್ತಿ ಸಿಜಿಎಸ್. 2013ರ ಮೂರನೇ ಆವೃತ್ತಿಯಲ್ಲಷ್ಟೇ ಎಸ್‌ಐ ಬಂತು. ಎಂಎಸ್‌ಸಿಯವರ ಜಾಕ್ಸನ್ ಪುಸ್ತಕವೂ ಮೂರನೇ ಆವೃತ್ತಿಯಲ್ಲಿ ಮೊದಲ ಹತ್ತು ಅಧ್ಯಾಯ ಎಸ್‌ಐಗೆ ಹೋಗಿ, ಆಮೇಲೆ ಹಳೇದಕ್ಕೇ ವಾಪಸ್ಸು. ನಕ್ಷತ್ರಗಳ ಬಗ್ಗೆ ಓದುವವರು ಇವತ್ತಿಗೂ ಸಿಜಿಎಸ್ಸೇ ಬಳಸೋದು ಹೆಚ್ಚು.

ಜಾರಿ ಬೀಳುವ ಜಾಗ ಮುಖ್ಯವಾಗಿ ಎರಡು.

ಒಂದನೆಯದು ಅರ್ಧ ಕನ್ವರ್ಷನ್. ಸ್ಟ್ಯಾಟ್‌ವೋಲ್ಟಿಗೆ 300 ಅಂತ ನೆನಪಿರ್ತದೆ, ಗುಣಿಸಿ ಬಿಡ್ತಾರೆ. ಕೆಳಗೆ ಸೆಂಟಿಮೀಟರ್ ಇದೆ ಅನ್ನೋದು ಮರೆತುಹೋಗ್ತದೆ. ಅಥವಾ ನೆನಪಾಗಿ, ಸೆಂಟಿಮೀಟರ್ ಸಣ್ಣದಲ್ವಾ ಅಂತ 100ರಿಂದ ಭಾಗಿಸ್ತಾರೆ. ಆಗ 30,000ದ ಬದಲು 3 ಬರ್ತದೆ. ಹತ್ತು ಸಾವಿರ ಪಟ್ಟು ಕಮ್ಮಿ!

ಎರಡನೆಯದು ಇನ್ನೂ ಮೋಸದ್ದು. ಸಂಖ್ಯೆ ಬದಲಾಯಿಸಿದರೆ ಸಾಲದು, ಸೂತ್ರವೂ ಬದಲಾಗಬೇಕು. ಎರಡು ಲೋಹದ ತಟ್ಟೆಗಳ ನಡುವಿನ ಕ್ಷೇತ್ರಕ್ಕೆ ಈಗಿನ ಸೂತ್ರ: ಮೇಲ್ಮೈಯ ಚಾರ್ಜ್ ಸಾಂದ್ರತೆಯನ್ನು ಎಪ್ಸಿಲಾನ್ ನಾಟ್‌ನಿಂದ ಭಾಗಿಸು. ಹಳೇ ಸೂತ್ರ: ಅದೇ ಸಾಂದ್ರತೆಯನ್ನು 4π ನಿಂದ ಗುಣಿಸು. ಹಳೇ ಸಂಖ್ಯೆಯನ್ನು ಹೊಸ ಸೂತ್ರಕ್ಕೆ ಹಾಕಿದರೂ ಕೆಡ್ತದೆ, ಹೊಸದನ್ನು ಹಳೇದಕ್ಕೆ ಹಾಕಿದರೂ ಕೆಡ್ತದೆ.

ಪರೀಕ್ಷೆ ಮಾಡೋಣ. ತಟ್ಟೆಯ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ 1 ಇಎಸ್‌ಯು ಇದೆ ಅಂತಿಟ್ಕೊಳ್ಳಿ. ಹಳೇ ದಾರಿ: 4π ಅಂದರೆ 12.57, ಅದನ್ನು 29,979ರಿಂದ ಗುಣಿಸಿ, ಸುಮಾರು 3,76,700 ವೋಲ್ಟ್/ಮೀಟರ್. ಹೊಸ ದಾರಿ: 1 ಇಎಸ್‌ಯು ಅಂದರೆ 3.336×10⁻¹⁰ ಕೂಲಂಬ್. ಅದು ಚದರ ಮೀಟರಿಗೆ 3.336×10⁻⁶ ಆಗ್ತದೆ. 8.854×10⁻¹² ನಿಂದ ಭಾಗಿಸಿ. ಮತ್ತೆ 3,76,700. ಎರಡು ದಾರಿ, ಒಂದೇ ಊರು.

ಈ 4π ವಿಷಯಕ್ಕೆ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ ಜೀವಮಾನವಿಡೀ ಜಗಳಾಡಿದರು. ಗೋಳ ಇದ್ದಲ್ಲಿ 4π ಬರಲಿ, ಚಪ್ಪಟೆ ತಟ್ಟೆಯಲ್ಲಿ ಅದಕ್ಕೇನು ಕೆಲಸ ಅನ್ನೋದು ಅವರ ವಾದ. ನ್ಯಾಯವೇ. ಜಾರ್ಜಿ ಪದ್ಧತಿ ಅದನ್ನು ಸರಿಮಾಡಿತು. ಅದಕ್ಕೇ ಈಗ 4π ಕೂಲಂಬ್ ನಿಯಮದ ಕೆಳಗೆ ಕೂತಿದೆ, ತಟ್ಟೆಯ ಸೂತ್ರದಲ್ಲಿಲ್ಲ.

ಪೋಸ್ಟ್ 8/9

ಈಗ ಮಂಕಿ ಸ್ಟೇಷನ್ನಿನ ಪ್ರಶ್ನೆಗೆ ಉತ್ತರ. "ಮುಟ್ಟದೇ ಇದ್ರೆ?"

ತಂತಿ ನೆಲದಿಂದ ಸುಮಾರು ಐದೂವರೆ ಮೀಟರ್ ಎತ್ತರ, ದಪ್ಪ ಸುಮಾರು 12 ಮಿಲಿಮೀಟರ್ ಅಂತ ಇಟ್ಟುಕೊಂಡು, ಮೇಲಿರುವ ಇನ್ನೊಂದು ತಂತಿಯನ್ನು ಬಿಟ್ಟು, ನಾನು ಹಾಕಿದ ಅಂದಾಜು ಇದು. ನೀವು ನಿಂತಿರುವ ನೆಲದ ಹತ್ತಿರ ಕ್ಷೇತ್ರ ಸುಮಾರು 1,200 ವೋಲ್ಟ್/ಮೀಟರ್. ಹಳೇ ಲೆಕ್ಕದಲ್ಲಿ 0.04. ಜನಸಾಮಾನ್ಯರಿಗೆ ಅಂತಾರಾಷ್ಟ್ರೀಯ ಮಾರ್ಗಸೂಚಿ ಹೇಳುವ 5,000ಕ್ಕಿಂತ ಎಷ್ಟೋ ಕಮ್ಮಿ. ಪ್ಲಾಟ್‌ಫಾರ್ಮ್ ಮೇಲೆ ನಿಂತವರಿಗೆ ಏನೂ ಆಗುವುದಿಲ್ಲ. ತಂತಿಯ ಮೈಗೆ ಅಂಟಿಕೊಂಡಿರುವ ಗಾಳಿಯಲ್ಲಿ ಮಾತ್ರ ಸುಮಾರು 5.5 ಲಕ್ಷ, ಹಳೇ ಲೆಕ್ಕದಲ್ಲಿ 18. ಗಾಳಿಯ ಮಿತಿ 100. ಹಾಗಾಗಿ ತಂತಿ ತಾನಾಗಿ ಕಿಡಿ ಉಗುಳುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಅಪಾಯ, ಮುಂದೆ ಓದಿ.

25,000 ಅನ್ನೋದು ಏಸಿ ಕರೆಂಟಿನ ಸರಾಸರಿ ಥರದ್ದು, ಅದರ ತುದಿ 35,000 ದಾಟ್ತದೆ. ಸೆಂಟಿಮೀಟರಿಗೆ 30 ಕಿಲೋವೋಲ್ಟ್ ಅಂತ ಭಾಗಿಸಿ "ಒಂದೂಕಾಲು ಸೆಂಟಿಮೀಟರ್ ದೂರ ಇದ್ದರೆ ಸಾಕು" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ 30 ಅನ್ನೋದು ಎರಡು ನುಣುಪಾದ ಚಪ್ಪಟೆ ತಟ್ಟೆಗಳ ನಡುವಿನ ಗಾಳಿಗೆ. ಚೂಪು ತುದಿ ಇದ್ದ ಕಡೆ ಕ್ಷೇತ್ರ ಅಲ್ಲೇ ಗುಡ್ಡೆಯಾಗಿ, ಮೊದಲು ಅಲ್ಲಿನ ಗಾಳಿ ಸೋಲ್ತದೆ, ಆಮೇಲೆ ಕಿಡಿ ಮುಂದಕ್ಕೆ ದಾರಿ ಮಾಡ್ಕೊಂಡು ಹೋಗ್ತದೆ. ಅಂಥಲ್ಲಿ ಸರಾಸರಿ ಸೆಂಟಿಮೀಟರಿಗೆ 5 ಕಿಲೋವೋಲ್ಟ್ ಸಾಕಾಗಬಹುದು. ಎತ್ತಿದ ಬೆರಳು, ಛತ್ರಿಯ ತುದಿ, ಸೆಲ್ಫಿ ಸ್ಟಿಕ್ ಎಲ್ಲ ಚೂಪೇ. ಮೇಲಿಂದ ಮಳೆ, ಸಿಡಿಲಿನಿಂದ ಲೈನಿನಲ್ಲಿ ಏರುವ ವೋಲ್ಟೇಜ್ ಬೇರೆ. ಅದಕ್ಕೇ ರೈಲ್ವೆಯವರು 2 ಮೀಟರ್ ಒಳಗೆ ಹೋಗಲೇಬೇಡಿ ಅನ್ನೋದು. ನಿಂತ ಗೂಡ್ಸ್ ವ್ಯಾಗನ್ ಮೇಲೆ ಹತ್ತಿ ಫೋಟೋ ತೆಗೆಯಲು ಹೋದವರು ತಂತಿ ಮುಟ್ಟಿರಬೇಕಂತಿಲ್ಲ.

ಹಳಿ ಪಕ್ಕ ತೋಟ ಇದ್ದವರ ಮನೆಯಲ್ಲಿ ಇದನ್ನು ಹೇಳಿ: ಮಾವು, ಅಡಿಕೆ ಕೊಯ್ಯುವ ದೋಟಿ ಅಲ್ಯೂಮಿನಿಯಂದಾದರೆ ಕರೆಂಟ್ ಹರಿಸ್ತದೆ ಅಂತ ಎಲ್ಲರಿಗೂ ಗೊತ್ತು. ಹೊಸ ಕಾರ್ಬನ್ ಫೈಬರ್ ದೋಟಿ ಪ್ಲಾಸ್ಟಿಕ್ ಥರ ಕಾಣ್ತದೆ, ಹಗುರ, ಆದರೆ ಅದೂ ಹರಿಸ್ತದೆ. ಹೆಸ್ಕಾಂ ಲೈನಿನ ಕೆಳಗೂ ಇದೇ ಮಾತು.

ಪೋಸ್ಟ್ 9/9

ಕೊನೆಯದು, ಆಕಾಶದ್ದು.

ಮೋಡ ಇಲ್ಲದ ದಿನ ಮಂಕಿಯ ಕಡಲ ತೀರದಲ್ಲಿ ಸುಮ್ಮನೆ ನಿಂತರೂ ನಿಮ್ಮ ಸುತ್ತ ಕ್ಷೇತ್ರ ಇದೆ. ಮೀಟರಿಗೆ ಸುಮಾರು 100 ವೋಲ್ಟ್, ಹಳೇ ಲೆಕ್ಕದಲ್ಲಿ 0.003. ಮೇ ತಿಂಗಳ ಸಂಜೆ ಘಟ್ಟದ ಕಡೆಯಿಂದ ಕಪ್ಪಾಗಿ ಎದ್ದು ಬರುವ ಮೋಡದ ಕೆಳಗೆ, ಇಲ್ಲಾ ಚಿತ್ತಾ ಮಳೆಯ ಗುಡುಗಿನ ಕೆಳಗೆ, ಅದು 10,000ದ ಆಸುಪಾಸಿಗೆ ಏರಬಹುದು. ಹಳೇ ಲೆಕ್ಕದಲ್ಲಿ ಮೂರನೇ ಒಂದು ಭಾಗ.

ಗುಡುಗು ಮಳೆಯ ವಿದ್ಯುತ್ತಿನ ಬಗ್ಗೆ ಜಗತ್ತು ಇವತ್ತಿಗೂ ಹೆಸರಿಸುವ ಒಂದು ಹಳೇ ಕೆಲಸ ನಡೆದದ್ದು ನಮ್ಮ ದೇಶದಲ್ಲೇ. ಜಾರ್ಜ್ ಸಿಂಪ್ಸನ್ ಅಂತ ಭಾರತೀಯ ಹವಾಮಾನ ಇಲಾಖೆಯ ವಿಜ್ಞಾನಿ, 1908ರ ಮಳೆಗಾಲದಲ್ಲಿ ಶಿಮ್ಲಾದಲ್ಲಿ ಮಳೆನೀರು ಹಿಡಿದು ಅದರ ಚಾರ್ಜ್ ಅಳೆದರು. 1909ರಲ್ಲಿ ಪ್ರಕಟಿಸಿದರು. ಮಳೆ ಕೆಳಗೆ ತರುವುದರಲ್ಲಿ ಧನ ಚಾರ್ಜೇ ಹೆಚ್ಚು ಅಂತ ಕಂಡಿತು. ಮೇಲೇಳುವ ಗಾಳಿಯಲ್ಲಿ ದೊಡ್ಡ ಹನಿ ಒಡೆದು ಚಾರ್ಜ್ ಬೇರೆಯಾಗ್ತದೆ, ಆದ್ದರಿಂದ ಮೋಡದ ಕೆಳಭಾಗ ಧನ ಅನ್ನೋದು ಅವರ ವಾದ. ಸ್ಕಾಟ್ಲೆಂಡಿನ ಸಿ. ಟಿ. ಆರ್. ವಿಲ್ಸನ್ ಉಲ್ಟಾ ಅಂದರು: ಮೇಲೆ ಧನ, ಕೆಳಗೆ ಋಣ. ವರ್ಷಗಟ್ಟಲೆ ಹಗ್ಗಜಗ್ಗಾಟ. 1937ರಲ್ಲಿ ಸಿಂಪ್ಸನ್ನೇ ಸ್ಕ್ರೇಸ್ ಜೊತೆ ಸೇರಿ ಮೋಡದೊಳಗೆ ಬಲೂನು ಕಳಿಸಿದಾಗ ಹೆಚ್ಚಿನ ಪಾಲು ವಿಲ್ಸನ್ ಹೇಳಿದ್ದೇ ಸರಿಯಾಯ್ತು. ತಳದಲ್ಲಿ ಒಂದು ಸಣ್ಣ ಧನ ಗುಂಪು ಮಾತ್ರ ಸಿಂಪ್ಸನ್ ಕಡೆಗೆ ಉಳಿಯಿತು. ಶಿಮ್ಲಾದಲ್ಲಿ ನೆಲಕ್ಕೆ ಬಿದ್ದ ನೀರನ್ನು ಅಳೆದದ್ದು ಸರಿಯಾಗಿಯೇ ಇತ್ತು. ನೆಲದಲ್ಲಿ ಸಿಕ್ಕಿದ್ದು ಮೋಡದೊಳಗಿನ ಪೂರ್ತಿ ಕಥೆ ಆಗಿರಲಿಲ್ಲ, ಅಷ್ಟೇ.

ಆ ಕಾಲದ ಈ ಲೇಖನಗಳಲ್ಲಿ ಮಳೆಯ ಚಾರ್ಜ್ ಇರೋದು ಇಎಸ್‌ಯುನಲ್ಲೇ. ನಿಮ್ಮಲ್ಲಿ ಯಾರಾದರೂ ಮುಂದೆ ಹವಾಮಾನ ಓದಿದರೆ, ನೂರು ವರ್ಷ ಹಿಂದಿನ ಮಳೆಯನ್ನು ಇವತ್ತಿನ ಮಳೆಗೆ ಹೋಲಿಸಬೇಕಂದರೆ, ನಾಲ್ಕನೇ ಪೋಸ್ಟಿನ ಲೆಕ್ಕ ಬೇಕಾಗ್ತದೆ. ಚಾರ್ಜಿಗೆ 300 ಕೋಟಿಯಿಂದ ಭಾಗಿಸಿ, ಕ್ಷೇತ್ರಕ್ಕೆ 30,000ದಿಂದ ಗುಣಿಸಿ.

ಗುಣಿಸಿದ ಮೇಲೆ ಒಂದು ವಿಚಿತ್ರ ಕಾಣ್ತದೆ. ಬಲೂನುಗಳು ಗುಡುಗಿನ ಮೋಡದೊಳಗೆ ಅಳೆದ ದೊಡ್ಡ ಕ್ಷೇತ್ರಗಳು ಸಾಮಾನ್ಯವಾಗಿ ಮೀಟರಿಗೆ 1ರಿಂದ 4 ಲಕ್ಷ ವೋಲ್ಟ್. ಹಳೇ ಲೆಕ್ಕದಲ್ಲಿ 3ರಿಂದ 13. ಗಾಳಿ ಸೋಲೋದು 100ಕ್ಕೆ. ಎತ್ತರದಲ್ಲಿ ಗಾಳಿ ತೆಳು, ಅಲ್ಲಿ 50 ಅಂತಲೇ ಇಟ್ಕೊಳ್ಳಿ. ಆದರೂ ಸಾಲಲ್ಲ. ಅಂದ ಮೇಲೆ ಸಿಡಿಲು ಶುರುವಾಗೋದು ಹೇಗೆ? ಹನಿಗಳ, ಮಂಜಿನ ಹರಳುಗಳ ಚೂಪು ತುದಿಯಿಂದ ಅನ್ನುವವರಿದ್ದಾರೆ. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಣಗಳು ಎಲೆಕ್ಟ್ರಾನ್‌ಗಳ ಹಿಮಪಾತ ಎಬ್ಬಿಸ್ತವೆ ಅನ್ನುವವರೂ ಇದ್ದಾರೆ. ಇನ್ನೂ ತೀರ್ಮಾನ ಆಗಿಲ್ಲ.

ಮುಂದಿನ ಸರಣಿ: 33 ಅಡಿಯ ಗುಂಟೆ. ಮನೆಯಲ್ಲಿ ಹಳೇ ಸರ್ವೆ ನಕ್ಷೆ ಇದ್ದರೆ ಫೋಟೋ ತೆಗೆದಿಡಿ.

#ಮಂಕಿ #ಹೊನ್ನಾವರ #ಉತ್ತರಕನ್ನಡ #ಅಳತೆಯಕಥೆ #ಕನ್ನಡದಲ್ಲಿಫಿಸಿಕ್ಸ್